ತಮ್ಮನ ತೊಡೆಯ ಗಂಟು: ಕತ್ತಿ ಮೊದಲೋ, ಸೂಜಿ ಮೊದಲೋ?

ಹಾಸನದ_ಅಕ್ಕ

ಎಲ್ಲರಿಗೂ ನಮಸ್ಕಾರ. ಉದ್ದದ ಪೋಸ್ಟ್ ಇದು, ಕಾಫಿ ಲೋಟ ಹಿಡಿದುಕೊಂಡೇ ಓದಿ.

ನನ್ನ ತಮ್ಮನ ಗಂಟನ್ನು ಮೊದಲು ಕಂಡುಹಿಡಿದದ್ದು ಡಾಕ್ಟರಲ್ಲ, ಟೈಲರ್. ಸೋದರಮಾವನ ಮಗಳ ಮದುವೆಗೆ ಪ್ಯಾಂಟ್ ಹೊಲಿಸಲು ಹೋಗಿದ್ದ. ತೊಡೆಗೆ ಟೇಪ್ ಸುತ್ತಿದ ಟೈಲರ್ ಇನ್ನೊಮ್ಮೆ ಸುತ್ತಿದರು. "ಏನಪ್ಪಾ, ಎರಡು ಕಾಲಿಗೆ ಎರಡು ಅಳತೆ ಬರ್ತಿದೆಯಲ್ಲ" ಅಂದರು. ಬಲಗಡೆ ಒಂದೂವರೆ ಇಂಚು ಜಾಸ್ತಿ.

ಮನೆಗೆ ಬಂದು ನೋಡಿದರೆ ಒಳತೊಡೆಯಲ್ಲಿ ಗಂಟು. ನೋವಿಲ್ಲ, ಕೆಂಪಾಗಿಲ್ಲ, ಜ್ವರ ಇಲ್ಲ. ಒತ್ತಿದರೆ ಗಟ್ಟಿ. ಅತ್ತಿತ್ತ ಸರಿಯುತ್ತಿರಲಿಲ್ಲ. ಅವನು ವಾಲಿಬಾಲ್ ಆಡುವವನು. "ಬಿದ್ದಾಗ ಪೆಟ್ಟಾಗಿರಬೇಕು, ರಕ್ತ ಕಟ್ಟಿದೆ" ಅಂತ ಅಮ್ಮ ಹದಿನೈದು ದಿನ ಹರಳೆಣ್ಣೆ ಕಾಯಿಸಿ ಉಜ್ಜಿದರು. ಮದುವೆ ಮುಗಿಯಿತು, ಭತ್ತದ ಕೊಯ್ಲೂ ಮುಗಿಯಿತು. ಗಂಟು ಮಾತ್ರ ಇನ್ನಷ್ಟು ಉಬ್ಬಿತು.

ಹತ್ತಿರದ ಒಂದು ನರ್ಸಿಂಗ್ ಹೋಮ್‌ಗೆ ಹೋದೆವು. ಮುಟ್ಟಿ ನೋಡಿ "ಕೊಬ್ಬಿನ ಗಂಟು, ಅರ್ಧ ಗಂಟೆ ಕೆಲಸ" ಅಂದರು. ಸ್ಕ್ಯಾನ್ ಇಲ್ಲ, ಸೂಜಿ ಪರೀಕ್ಷೆ ಇಲ್ಲ. ಮರುದಿನವೇ ಬೆನ್ನಿಗೆ ಇಂಜೆಕ್ಷನ್ ಕೊಟ್ಟು, ತೊಡೆಗೆ ಅಡ್ಡಲಾಗಿ ಕೊಯ್ದು ತೆಗೆದರು. ಬೇಗ ಮುಗಿಯಿತಲ್ಲ ಅಂತ ನಾವೂ ಖುಷಿಯಾಗಿದ್ದೆವು, ಸುಳ್ಳು ಯಾಕೆ ಹೇಳಲಿ.

ಹೊರಗೆ ಬಂದ ಕಾಂಪೌಂಡರ್ ಕೈಯಲ್ಲಿ ಚಿಕ್ಕ ಪ್ಲಾಸ್ಟಿಕ್ ಡಬ್ಬಿ ಇತ್ತು. "ಇದನ್ನ ಲ್ಯಾಬಿಗೆ ಕಳಿಸಬೇಕಾ? ಸುಮ್ನೆ 1,500 ರೂಪಾಯಿ ಖರ್ಚು" ಅಂದರು. ಕಳಿಸಿ ಅಂದೆ. ಏನೋ ತಿಳಿದು ಹೇಳಿದ್ದಲ್ಲ. ದುಡ್ಡು ಕೊಟ್ಟು ತೆಗೆಸಿದ್ದು ಏನೆಂದು ಕಾಗದದಲ್ಲಿ ಇರಲಿ ಅಂತ, ಅಷ್ಟೇ. 12ನೇ ದಿನ ವರದಿ ಬಂತು. ಸೈನೋವಿಯಲ್ ಸಾರ್ಕೋಮಾ, ಅಂದರೆ ಸ್ನಾಯು, ಕೊಬ್ಬಿನಂಥ ಭಾಗಗಳಲ್ಲಿ ಹುಟ್ಟುವ ಅಪರೂಪದ ಕ್ಯಾನ್ಸರ್‌ಗಳಲ್ಲಿ ಒಂದು. ಕೊಯ್ದ ಅಂಚಿನಲ್ಲಿ ಕ್ಯಾನ್ಸರ್ ಕಣಗಳು ಉಳಿದಿವೆ ಎಂದೂ ಬರೆದಿತ್ತು.

ಅಲ್ಲಿಂದ ಮುಂದೆ ಎಲ್ಲ ಬೆಂಗಳೂರು. ಎಂಆರ್‌ಐ, ಎದೆಯ ಸಿಟಿ, ಎರಡನೇ ಆಪರೇಷನ್. ಮೊದಲನೆಯದು ಅರ್ಧ ಗಂಟೆಯಲ್ಲಿ ಮುಗಿದಿತ್ತು. ಎರಡನೆಯದಕ್ಕೆ 6 ಗಂಟೆ ಹಿಡಿಯಿತು. ಅಡ್ಡ ಕೊಯ್ದಿದ್ದ ಗಾಯವನ್ನು ಇಡಿಯಾಗಿ ತೆಗೆಯಬೇಕಾಯಿತು, ಸುತ್ತಲಿನ ಮಾಂಸವೂ ಹೋಯಿತು. ಮುಚ್ಚಲು ಎಡ ತೊಡೆಯಿಂದ ಚರ್ಮ ತೆಗೆದು ಹಾಕಿದರು. ಆಮೇಲೆ ಕೀಮೋ, 30 ದಿನ ರೇಡಿಯೇಷನ್. ಕಾಲು ಉಳಿಯಿತು. ಇದೆಲ್ಲ ಮೂರು ವರ್ಷದ ಹಿಂದಿನ ಮಾತು. ತಮ್ಮನಿಗೆ ಈಗ 31.

ಅಲ್ಲಿನ ಸರ್ಜನ್ ಹೇಳಿದ ಒಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ: "ಮೊದಲು ಚಿತ್ರ, ಆಮೇಲೆ ಸೂಜಿ, ಕೊನೆಗೆ ಕತ್ತಿ." ನಮ್ಮದು ಪೂರ್ತಿ ಉಲ್ಟಾ ಆಯಿತು.

ಜುಲೈಯನ್ನು ಸಾರ್ಕೋಮಾ ಜಾಗೃತಿ ತಿಂಗಳು ಅಂತಾರೆ. ನಮ್ಮೂರಲ್ಲಿ ಏನಾದರೂ ಮಾಡೋಣ ಅಂತ ಮನಸ್ಸಿದೆ. ಇದೇ ದಾರಿಯಲ್ಲಿ ನಡೆದವರು ಯಾರಾದರೂ ಇದ್ದರೆ ಮಾತಾಡಿ.

ತಾಲ್ಲೂಕು_ಡಾಕ್ಟ್ರು

ಅಕ್ಕ, ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಯಾಕಂದರೆ ನಾನೂ ಗಂಟು ತೆಗೆಯುವವನೇ.

ನಮ್ಮ ಕಡೆಯ ಸಮಸ್ಯೆ ಏನು ಅಂದರೆ, ಮೈಮೇಲೆ ಏಳುವ ಗಂಟು ನೂರಿದ್ದರೆ ತೊಂಬತ್ತೊಂಬತ್ತು ನಿರುಪದ್ರವಿ. ದೊಡ್ಡವರಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಸಾರ್ಕೋಮಾ ಬರೀ ನೂರಕ್ಕೆ 1. ಮಕ್ಕಳಲ್ಲಿ ಪಾಲು ಜಾಸ್ತಿ, ನೂರಕ್ಕೆ 15ರ ಹತ್ತಿರ. 20 ವರ್ಷದ ಪ್ರಾಕ್ಟೀಸಿನಲ್ಲಿ ನಾನು ಕಂಡದ್ದು 3. ಹಾಗಾಗಿ ಕೈ ತಾನಾಗಿಯೇ "ಲೈಪೋಮಾ", ಅಂದರೆ ಬರೀ ಕೊಬ್ಬಿನ ಗಂಟು, ಅಂತ ಬರೆದುಬಿಡುತ್ತದೆ. ಇದು ಸಮರ್ಥನೆ ಅಲ್ಲ, ಒಳಗಿನ ಕಥೆ.

ನಾನು ಈಗ ನೋಡುವುದು ಇಷ್ಟು. ಗಂಟು 5 ಸೆಂ.ಮೀ. ದಾಟಿದೆಯಾ? ಬೆಳೆಯುತ್ತಿದೆಯಾ? ಚರ್ಮದ ಕೆಳಗೇ ಇದೆಯಾ, ಇಲ್ಲ ಸ್ನಾಯುವಿನ ಒಳಗೆ ಬೇರು ಬಿಟ್ಟಂತೆ ಕೂತಿದೆಯಾ? ಒಮ್ಮೆ ತೆಗೆದ ಜಾಗದಲ್ಲಿ ಮತ್ತೆ ಬಂದಿದೆಯಾ? ಇದರಲ್ಲಿ ಒಂದಕ್ಕೆ ಹೌದು ಅಂದರೂ ಕತ್ತಿ ಮುಟ್ಟುವುದಿಲ್ಲ, ಸ್ಕ್ಯಾನ್‌ಗೆ ಬರೆಯುತ್ತೇನೆ. ನೋವು ಇರಲೇಬೇಕು ಅಂತಿಲ್ಲ. ಬಹಳ ಸಾರ್ಕೋಮಾಗಳು ನೋಯುವುದೇ ಇಲ್ಲ, ಮೋಸ ಆಗುವುದೇ ಅಲ್ಲಿ.

ಗೊತ್ತಿಲ್ಲದೆ ಸಾರ್ಕೋಮಾ ಕೊಯ್ದ ಆಪರೇಷನ್‌ಗೆ ಇಂಗ್ಲಿಷ್ ಡಾಕ್ಟರುಗಳು "ವೂಪ್ಸ್ ಸರ್ಜರಿ" ಅಂತಾರೆ. ಕನ್ನಡದಲ್ಲಿ "ಅಯ್ಯೋ ಆಪರೇಷನ್" ಅಂದರೆ ಸರಿಹೋಗುತ್ತದೆ.

ಗೋಲಿಸೋಡ

ಸುಮ್ನೆ ಜನರಿಗೆ ಭಯ ಹುಟ್ಟಿಸ್ತಿದ್ದೀರ. ನಮ್ಮಪ್ಪನ ಬೆನ್ನ ಮೇಲೆ 25 ವರ್ಷದಿಂದ ಗಂಟಿದೆ. ದಿಂಬಿನ ಹಾಗೆ ಮೆತ್ತಗಿದೆ. ಈಗ ಅವರೂ ಎಂಆರ್‌ಐ ಮಾಡಿಸಬೇಕಾ? ಅದಕ್ಕೆ ಎಷ್ಟು ಸಾವಿರ ಆಗುತ್ತೆ ಗೊತ್ತಾ? ಸ್ಕ್ಯಾನಿಂಗ್ ಸೆಂಟರಿನವರಿಗೆ ಹಬ್ಬ.

ತಾಲ್ಲೂಕು_ಡಾಕ್ಟ್ರು

ಬೇಡ. ಮೆತ್ತಗಿದೆ, ಅಷ್ಟು ವರ್ಷದಿಂದ ಅಷ್ಟೇ ಇದೆ ಅಂದರೆ ನಿಮ್ಮಪ್ಪ ಆರಾಮಾಗಿರಲಿ. ಅನುಮಾನ ಬಂದರೆ ಮೊದಲು ಅಲ್ಟ್ರಾಸೌಂಡ್ ಸಾಕು, ಅದು ತಾಲ್ಲೂಕಿನಲ್ಲೇ ಸಿಗುತ್ತದೆ. ಅಲ್ಲಿ ಏನಾದರೂ ಸರಿ ಇಲ್ಲ ಅನ್ನಿಸಿದರೆ ಮಾತ್ರ ಎಂಆರ್‌ಐ. ಆದರೆ 25 ವರ್ಷ ಸುಮ್ಮನಿದ್ದ ಗಂಟು ಈಗ ಬೆಳೆಯಲು ಶುರು ಮಾಡಿದರೆ ಬಂದು ತೋರಿಸಿ.

ಮಳೆ_ಮ್ಯಾಂಚೆಸ್ಟರ್

ಇಲ್ಲಿ ಇಂಗ್ಲೆಂಡಿನಲ್ಲಿ ಸಾರ್ಕೋಮಾ ಯುಕೆ ಅನ್ನುವ ಸಂಸ್ಥೆ ಇದನ್ನು ಒಂದೇ ಮಾತಿನಲ್ಲಿ ಹೇಳಿಕೊಡುತ್ತದೆ: ಗಾಲ್ಫ್ ಚೆಂಡಿಗಿಂತ ದೊಡ್ಡ ಗಂಟಾ, ತೋರಿಸಿ. ಕೇಳಿದವರು ಮರೆಯುವುದಿಲ್ಲ. ಸಾರ್ಕೋಮಾಗೆಂದೇ ಬೇರೆ ಆಸ್ಪತ್ರೆಗಳನ್ನು ಗುರುತಿಸಿಟ್ಟಿದ್ದಾರೆ, ಊರಿನ ಡಾಕ್ಟರು ಅಲ್ಲಿಗೆ ಕಳಿಸುತ್ತಾರೆ.

ಆದರೆ ಹಾಸನದಲ್ಲಿ ಗಾಲ್ಫ್ ಚೆಂಡು ಕಂಡವರು ಎಷ್ಟು ಜನ? ನಮ್ಮಲ್ಲಿ ಯಾವುದಕ್ಕೆ ಹೋಲಿಸಬಹುದು?

ಬೆಳಗಾವಿ_ಕುಂದಾ

ನಿಂಬೆಹಣ್ಣು! ಯಾವ ಮನೆಯಲ್ಲಿ ಇರುವುದಿಲ್ಲ ಹೇಳಿ.

ತಾಲ್ಲೂಕು_ಡಾಕ್ಟ್ರು

ದಪ್ಪ ನಿಂಬೆಹಣ್ಣು ಅಂದರೆ ಹತ್ತಿರ ಹತ್ತಿರ 5 ಸೆಂ.ಮೀ. ಒಪ್ಪಿದೆ. ಪುಟ್ಟ ಗಜನಿಂಬೆ ಅಂತ ಯಾರೂ ವಾದಕ್ಕೆ ಬರಬೇಡಿ.

ಹಾಸನದ_ಅಕ್ಕ

ನಿಂಬೆಹಣ್ಣು ನನಗೂ ಇಷ್ಟವಾಯಿತು. ಹೆಸರಿನದೇ ತೊಂದರೆ. ಪತ್ರಿಕೆಯಲ್ಲಿ "ಮೃದು ಅಂಗಾಂಶದ ಕ್ಯಾನ್ಸರ್" ಅಂತ ಬರೆಯುತ್ತಾರೆ. ಅಮ್ಮನಿಗೆ ಅರ್ಥವಾಗಲಿಲ್ಲ. ಸಾರ್ಕೋಮಾ ಅನ್ನುವ ಪದ ಮಾಂಸ ಅನ್ನುವ ಅರ್ಥದ ಗ್ರೀಕ್ ಮಾತಿನಿಂದ ಬಂದದ್ದಂತೆ. ಸರಿ, "ಮಾಂಸದ ಕ್ಯಾನ್ಸರ್" ಅಂತ ಹೇಳಿ ನೋಡಿದೆ. ಪಕ್ಕದ ಮನೆಯವರು "ಓ, ಮಟನ್ ಜಾಸ್ತಿ ತಿಂತಿದ್ದನಾ?" ಅಂದರು. ಅವತ್ತಿಗೆ ಅನುವಾದ ಬಿಟ್ಟೆ.

ಸೂಕ್ಷ್ಮದರ್ಶಕ

ನಾನು ಪೆಥಾಲಜಿಯವಳು, ಗಾಜಿನ ಸ್ಲೈಡ್ ನೋಡುತ್ತಾ ಕೂರುವವಳು. ಹೆಸರಿನ ಮಾತು ಬಂತಲ್ಲ. ಸೈನೋವಿಯಲ್ ಅಂದರೆ ಕೀಲಿನ ಪೊರೆ. ಆದರೆ ಈ ಗಡ್ಡೆ ಆ ಪೊರೆಯಿಂದ ಹುಟ್ಟುವುದಲ್ಲ. ಮಂಡಿ, ತೊಡೆ ಹತ್ತಿರ ಜಾಸ್ತಿ ಬರುತ್ತದೆ ಅಂತ ಹಿಂದಿನವರು ಹಾಗೆ ಕರೆದರು, ಹೆಸರು ಅಂಟಿಕೊಂಡಿತು. ಎಕ್ಸ್ ವರ್ಣತಂತುವಿನ ತುಣುಕು, 18ನೇ ವರ್ಣತಂತುವಿನ ತುಣುಕು ಅದಲುಬದಲಾಗಿ ಕೂಡಿಕೊಂಡು ಶುರುವಾಗುವ ಕಾಯಿಲೆ ಇದು. ಹರೆಯದವರಲ್ಲೇ ಜಾಸ್ತಿ. ಕೆಲವು ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತವೆ, ಅದಕ್ಕೇ ಎಲ್ಲರೂ ಮೈಮರೆಯುತ್ತಾರೆ.

ಸಾರ್ಕೋಮಾ ಅನ್ನುವುದು ಒಂದು ಕಾಯಿಲೆ ಅಲ್ಲ. 70ಕ್ಕೂ ಹೆಚ್ಚು ಬಗೆ ಇವೆ. ಕೊಬ್ಬಿನಿಂದ ಒಂದು, ಸ್ನಾಯುವಿನಿಂದ ಒಂದು, ರಕ್ತನಾಳದಿಂದ ಒಂದು, ನರದ ಹೊದಿಕೆಯಿಂದ ಒಂದು. ಒಂದಕ್ಕೆ ಆಗುವ ಔಷಧ ಇನ್ನೊಂದಕ್ಕೆ ಆಗಲ್ಲ. ಮೈಕ್ರೋಸ್ಕೋಪಿನ ಕೆಳಗೆ ಒಂದಕ್ಕೊಂದು ಹೋಲುತ್ತವೆ. ನಾವೂ ಎಡವುತ್ತೇವೆ, ಮುಚ್ಚಿಡುವುದೇನಿದೆ. ಅದಕ್ಕೇ ಸಾರ್ಕೋಮಾ ಅಂತ ಬಂದರೆ, ಅದನ್ನು ದಿನಾ ನೋಡುವ ಇನ್ನೊಬ್ಬ ಪೆಥಾಲಜಿಸ್ಟ್ ಹತ್ತಿರ ಮತ್ತೊಮ್ಮೆ ಓದಿಸಿ.

ಅಕ್ಕ, ನೀವು ಕಳಿಸಿ ಅಂದದ್ದು ದೊಡ್ಡ ಕೆಲಸ. ಬುಟ್ಟಿಗೆ ಹೋದ ಗಂಟು ಎಷ್ಟಿದ್ದಾವೋ. ಮೈಯಿಂದ ಏನೇ ತೆಗೆದರೂ ಫಾರ್ಮಲಿನ್‌ನಲ್ಲಿ (ಮಾಂಸ ಕೆಡದಂತೆ ಇಡುವ ದ್ರವ) ಹಾಕಿಸಿ ಲ್ಯಾಬಿಗೆ ಕಳಿಸಿ. ಉಪ್ಪು ನೀರಿನಲ್ಲಿ ಹಾಕಿ ಎರಡು ದಿನ ಇಟ್ಟು ತಂದರೆ ನಮಗೆ ಸಿಗುವುದು ಕೊಳೆತ ಮಾಂಸ.

ರಾಯಚೂರು_ಬಿಸಿಲು

ನಮ್ಮ ಅತ್ತೆಗೆ ಬೆನ್ನ ಮೇಲೆ, ಹೆಗಲ ಮೂಳೆ ಹತ್ತಿರ ಗಂಟು ಅದ. ಎರಡು ವರ್ಷದ್ದು. ಈ ಆರು ತಿಂಗಳಲ್ಲಿ ನಿಂಬೆಹಣ್ಣು ದಾಟಿ ಮೋಸಂಬಿ ಆಗ್ಯದ. ಇಲ್ಲೊಬ್ಬರು ಸೋಮವಾರ ತೆಗೆಯೋಣ ಅಂದಾರ, ಮುಂಗಡನೂ ಕಟ್ಟೀವಿ. ಈ ಚರ್ಚೆ ಓದಿ ಕೈ ಕಾಲು ತಣ್ಣಗಾದವು. ಸೂಜಿ ಚುಚ್ಚಿದರೆ ಮೈಯೆಲ್ಲ ಹರಡತದ ಅಂತ ಮನೆಯೊಳಗೆ ಒಂದೇ ಗದ್ದಲ. ಏನು ಮಾಡಲಿ ರೀ?

ತಾಲ್ಲೂಕು_ಡಾಕ್ಟ್ರು

ಸೋಮವಾರದ್ದನ್ನು ಮುಂದೂಡಿ. ಜಗಳ ಬೇಡ, "ಮೊದಲು ಸ್ಕ್ಯಾನ್ ಮಾಡಿಸಿಕೊಂಡು ಬರ್ತೀವಿ" ಅನ್ನಿ. ಒಳ್ಳೆಯ ಡಾಕ್ಟರು ಬೇಸರ ಮಾಡಿಕೊಳ್ಳುವುದಿಲ್ಲ.

ಸೂಜಿಯಿಂದ ಹರಡುತ್ತದೆ ಅನ್ನುವ ಭಯ ಎಲ್ಲ ಊರಲ್ಲೂ ಇದೆ. ಸಾರ್ಕೋಮಾ ಗೊತ್ತಿರುವವರು ಸೂಜಿಯ ದಾರಿಯನ್ನು ಮೊದಲೇ ಯೋಚಿಸಿ ಚುಚ್ಚುತ್ತಾರೆ. ಮುಂದೆ ಆಪರೇಷನ್ ಆದರೆ ಆ ದಾರಿಯನ್ನೂ ಗಡ್ಡೆಯ ಜೊತೆಗೇ ತೆಗೆಯುತ್ತಾರೆ. ಅದಕ್ಕೇ ಮುಂದೆ ಆಪರೇಷನ್ ಮಾಡುವವರೇ ಸೂಜಿಯ ಜಾಗ ಗುರುತಿಸಬೇಕು ಅನ್ನುವುದು. ಕೈಕಾಲಾದರೆ ಕೊಯ್ಯುವುದು ಉದ್ದಕ್ಕೆ, ಅಡ್ಡಕ್ಕಲ್ಲ. ಅಕ್ಕನ ತಮ್ಮನಿಗೆ ಅಡ್ಡ ಕೊಯ್ದದ್ದಕ್ಕೇ ಅಷ್ಟು ಚರ್ಮ ಹೋಯಿತು. ಕಣಗಳು ಚೆಲ್ಲುವುದು ಗೊತ್ತಿಲ್ಲದೆ ಗಡ್ಡೆಯೊಳಗೇ ಕತ್ತಿ ಆಡಿಸಿದಾಗ.

ಇನ್ನೊಂದು. ಸಣ್ಣ ಸೂಜಿಯಿಂದ ನಾಲ್ಕು ಕಣ ಎಳೆದು ನೋಡುವ ಎಫ್‌ಎನ್‌ಎಸಿ ಇಲ್ಲಿ ಸಾಲುವುದಿಲ್ಲ. ದಪ್ಪ ಸೂಜಿಯ ಟ್ರೂಕಟ್ ಬಯಾಪ್ಸಿ ಕೇಳಿ, ದಾರದಂಥ ಮಾಂಸದ ಎಳೆ ಸಿಗುತ್ತದೆ. ಎಂಆರ್‌ಐ ಮೊದಲು, ಬಯಾಪ್ಸಿ ಆಮೇಲೆ. ಮೊದಲೇ ಚುಚ್ಚಿದರೆ ಒಳಗೆ ರಕ್ತ ತುಂಬಿ ಚಿತ್ರ ಕದಡುತ್ತದೆ.

ಪ್ರಕೃತಿ_ಪ್ರಿಯ

ಯಾಕೆ ಇಷ್ಟೆಲ್ಲ? ತೊಗಟೆ ಕಷಾಯ ಇದೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ 48 ದಿನ. ಗಂಟು ಬೆಣ್ಣೆಯಂತೆ ಕರಗುತ್ತದೆ. ಬೇಕಾದವರು ಈ ನಂಬರಿಗೆ ಮೆಸೇಜ್ ಮಾಡಿ.

ನಿರ್ವಾಹಕ

ನಂಬರ್ ತೆಗೆದಿದ್ದೇನೆ. ಇನ್ನೊಮ್ಮೆ ಹಾಕಿದರೆ ಖಾತೆ ಹೋಗುತ್ತದೆ.

ತುಂಗಾತೀರ

ಪ್ರಕೃತಿ ಪ್ರಿಯರೇ, ನಿಮಗೆ ಬೈಯುವ ಶಕ್ತಿ ನನಗಿಲ್ಲ. ಅಪ್ಪನ ಕಥೆ ಹೇಳುತ್ತೇನೆ.

ರಿಟೈರ್ ಆದ ಮೇಲೆ ಅಪ್ಪನಿಗೆ ಹೊಟ್ಟೆ ಬಂತು. ಕೈಕಾಲು ಸಣ್ಣಗಾಗುತ್ತಾ ಹೋದವು, ಹೊಟ್ಟೆ ಮಾತ್ರ ಮುಂದೆ. "ಪೆನ್ಷನ್ ಹೊಟ್ಟೆ" ಅಂತ ಮೊಮ್ಮಕ್ಕಳು ಅದರ ಮೇಲೆ ತಬಲಾ ಬಾರಿಸುತ್ತಿದ್ದರು. ಅದು ಹೊಟ್ಟೆಯ ಹಿಂಭಾಗದಲ್ಲಿ, ಕಿಡ್ನಿಯ ಸುತ್ತ ಬೆಳೆಯುವ ಲೈಪೋಸಾರ್ಕೋಮಾ, ಕೊಬ್ಬಿನಿಂದ ಹುಟ್ಟುವ ಸಾರ್ಕೋಮಾ. ಅಲ್ಲಿ ಜಾಗ ಜಾಸ್ತಿ ಇರುವುದರಿಂದ ಬಹಳ ದೊಡ್ಡದಾಗುವ ತನಕ ಗೊತ್ತೇ ಆಗುವುದಿಲ್ಲವಂತೆ. ನಿಂಬೆಹಣ್ಣಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಸಿಟಿಯಲ್ಲಿ ಕಂಡಾಗ ಸರ್ಜನ್ ಆಪರೇಷನ್ ದಿನ ಕೊಟ್ಟರು. ಅಷ್ಟರಲ್ಲಿ ನೆಂಟರೊಬ್ಬರು ಕಷಾಯದ ಬಾಟಲಿ ತಂದರು. ಐದು ತಿಂಗಳು ಕುಡಿದರು. ಐದು ತಿಂಗಳ ನಂತರ ಗಡ್ಡೆ ಕರುಳನ್ನೂ ದೊಡ್ಡ ರಕ್ತನಾಳವನ್ನೂ ಹಿಡಿದಿತ್ತು, ತೆಗೆಯಲು ಬರುವುದಿಲ್ಲ ಅಂದರು.

ಮೊದಲೇ ತೆಗೆಸಿದ್ದರೆ ಬದುಕುತ್ತಿದ್ದರಾ? ನನಗೆ ಹಾಗೆ ಹೇಳಲು ಬರುವುದಿಲ್ಲ. ಒಂದು ಅವಕಾಶ ಇತ್ತು, ಅದು ಬಾಟಲಿಯಲ್ಲಿ ಹೋಯಿತು.

ಕೊನೆಯ ಮೂರು ವಾರ ಬೆಂಗಳೂರಿನ ಕರುಣಾಶ್ರಯದಲ್ಲಿದ್ದರು, ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ ಜಾಗ ಅದು. ಅಲ್ಲಿ ದುಡ್ಡು ತೆಗೆದುಕೊಳ್ಳುವುದಿಲ್ಲ. ಮಾರ್ಫಿನ್ ಮಾತ್ರೆ ಕೊಟ್ಟು ನೋವು ಇಳಿಸಿದರು. ಅಪ್ಪ ಎರಡು ತಿಂಗಳ ನಂತರ ಮೊದಲ ಸಲ ಬೆನ್ನ ಮೇಲೆ ಮಲಗಿ ನಿದ್ದೆ ಮಾಡಿದ್ದು ಅಲ್ಲೇ. "ಮಾರ್ಫಿನ್ ಕೊಟ್ಟರೆ ಬೇಗ ಹೋಗ್ತಾರೆ" ಅಂತ ನಾವೇ ತಡ ಮಾಡಿದ್ದೆವು. ಅದೂ ತಪ್ಪು ತಿಳಿವಳಿಕೆ.

ಗೋಲಿಸೋಡ

ಕ್ಷಮಿಸಿ. ನಾನು ಮೇಲೆ ಬರೆದದ್ದು ಸ್ವಲ್ಪ ಜಾಸ್ತಿಯಾಯಿತು.

ಜಿಸ್ಟ್_ಜೊತೆ_12_ವರ್ಷ

ಈ ಕುಟುಂಬದ ಇನ್ನೊಬ್ಬ ಸದಸ್ಯನನ್ನು ಪರಿಚಯಿಸುತ್ತೇನೆ. ಜಿಸ್ಟ್. ಹೊಟ್ಟೆ, ಕರುಳಿನ ಗೋಡೆಯಲ್ಲಿ ಹುಟ್ಟುವ ಸಾರ್ಕೋಮಾ. ನನಗೆ ರಕ್ತ ಕಡಿಮೆಯಾಗಿ ಮೆಟ್ಟಿಲು ಹತ್ತಲು ಆಗದೆ ಹೋದಾಗ ಗೊತ್ತಾಯಿತು.

ಮೊದಲೆಲ್ಲ ಇದಕ್ಕೆ ಕೀಮೋ ಕೊಟ್ಟು ಕೈಚೆಲ್ಲುತ್ತಿದ್ದರು. 2000ದಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಒಬ್ಬ ಮಹಿಳೆಗೆ ಇಮ್ಯಾಟಿನಿಬ್ ಅನ್ನುವ ಮಾತ್ರೆ ಕೊಟ್ಟು ನೋಡಿದರು. ಅದು ರಕ್ತದ ಕ್ಯಾನ್ಸರ್‌ಗೆ ಮಾಡಿದ ಮಾತ್ರೆ. ಗಡ್ಡೆಗಳು ಕುಗ್ಗಿದವು. 2002ರಲ್ಲಿ ಅಮೆರಿಕದಲ್ಲಿ ಜಿಸ್ಟ್‌ಗೆ ಒಪ್ಪಿಗೆ ಸಿಕ್ಕಿತು. ನಮ್ಮ ದೇಶದ ಕಥೆ ಇನ್ನೊಂದು. ಕಂಪನಿಯ ಬ್ರಾಂಡ್ ಗ್ಲಿವೆಕ್ ತಿಂಗಳಿಗೆ ಲಕ್ಷ ರೂಪಾಯಿ ದಾಟುತ್ತಿತ್ತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಅದರ ಪೇಟೆಂಟ್ ಅರ್ಜಿ ತಳ್ಳಿಹಾಕಿತು, ಹಾಗಾಗಿ ನಮ್ಮವರೇ ಮಾಡುವ ಅಗ್ಗದ ಮಾತ್ರೆ ಉಳಿಯಿತು. ನನ್ನ ಮಾತ್ರೆ ಶುರುವಾದದ್ದೂ ಅದೇ ವರ್ಷ. ಏಪ್ರಿಲ್ 1 ಬಂದರೆ ಎಲ್ಲರೂ ಫೂಲ್ ಮಾಡಲು ನೋಡುತ್ತಾರೆ, ನಾನು ಪಾಯಸ ಮಾಡುತ್ತೇನೆ.

ಕಣ್ಣ ಸುತ್ತ ಊತ, ರಾತ್ರಿ ಮೀನಖಂಡ ಹಿಡಿಯುವುದು, ಇದೆಲ್ಲ ಇದೆ. ಹೊಟ್ಟೆ ತುಂಬ ಊಟ ಮಾಡಿ ಮಾತ್ರೆ ನುಂಗಿದರೆ ವಾಕರಿಕೆ ಕಮ್ಮಿ. ಬದುಕಿಗೆ ಅಡ್ಡಿ ಇಲ್ಲ. ಜಿಸ್ಟ್ ಇರುವವರು ಫ್ರೆಂಡ್ಸ್ ಆಫ್ ಮ್ಯಾಕ್ಸ್ ಅನ್ನುವ ಗುಂಪನ್ನು ಹುಡುಕಿ. ಅದೇ ಮಾತ್ರೆ ನುಂಗುವವರ ಜೊತೆ ಮಾತಾಡುವುದು ಬೇರೆಯೇ ಸಮಾಧಾನ.

ಬೆಳಗಾವಿ_ಕುಂದಾ

ನಟ ಇರ್ಫಾನ್ ಖಾನ್‌ಗೆ ಬಂದದ್ದೂ ಇದೇ ಅಲ್ವಾ? ಅಪರೂಪದ ಕ್ಯಾನ್ಸರ್ ಅಂತ ಓದಿದ ನೆನಪು.

ಸೂಕ್ಷ್ಮದರ್ಶಕ

ಅಲ್ಲ. ಅವರದು ನ್ಯೂರೋಎಂಡೋಕ್ರೈನ್ ಗಡ್ಡೆ, ಹಾರ್ಮೋನ್ ಮಾಡುವ ಕಣಗಳಿಂದ ಬರುವಂಥದ್ದು. ಅದೂ ಅಪರೂಪ, ಆದರೆ ಬೇರೆ ಕುಟುಂಬ. ಟೊರಾಂಟೊ ಮೇಯರ್ ಆಗಿದ್ದ ರಾಬ್ ಫೋರ್ಡ್ 2016ರಲ್ಲಿ ತೀರಿಕೊಂಡದ್ದು ಲೈಪೋಸಾರ್ಕೋಮಾದಿಂದ.

ರಾಯಚೂರು_ಬಿಸಿಲು

ಸೋಮವಾರದ್ದು ರದ್ದು ಮಾಡಿಸಿದೆವು. ಮುಂಗಡ ವಾಪಸ್ ಕೊಡಲಿಲ್ಲ, ಹೋಗಲಿ. ಈಗ ಖರ್ಚಿನ ಮಾತು. ನಮ್ಮದು ಬಿಪಿಎಲ್ ಕಾರ್ಡ್. ಅತ್ತೆ ಮನೆ ಬಿಟ್ಟು ಎಲ್ಲೂ ಹೋದವರಲ್ಲ.

ಹಾಸನದ_ಅಕ್ಕ

ನಾವು ಅಲೆದು ಕಲಿತದ್ದನ್ನು ಹೇಳುತ್ತೇನೆ, ನೀವು ಅಲೆಯಬೇಡಿ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ ಇದೆ. ಎಪಿಎಲ್ ಆದರೆ ಪ್ಯಾಕೇಜಿನ ನೂರಕ್ಕೆ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕು. ಇದನ್ನು ಮೊದಲು ಮಾಡಿಸಿ. ನಾವು ಬೆಂಗಳೂರಿಗೆ ಹೋದ ಮೇಲೆ ಆ ಚೀಟಿಗೆ ವಾಪಸ್ ಬಂದೆವು. ಒಂದು ಕಾಗದಕ್ಕೆ ಎರಡು ದಿನ, ಎರಡು ರಾತ್ರಿ ಬಸ್ಸು.

ಕಲಬುರಗಿಯಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಘಟಕ ಇದೆ, ನಿಮಗೆ ಹತ್ತಿರ. ಸಾರ್ಕೋಮಾ ಅಂತಾದರೆ ಬೆಂಗಳೂರಿನ ಕಿದ್ವಾಯಿಗೋ ಮುಂಬೈನ ಟಾಟಾ ಮೆಮೋರಿಯಲ್‌ಗೋ ಹೋಗುವುದು ಒಳ್ಳೆಯದು. ಟಾಟಾದಲ್ಲಿ ಮೂಳೆ ಮತ್ತು ಸಾರ್ಕೋಮಾಗೆಂದೇ ಬೇರೆ ತಂಡ ಇದೆ. ಸರ್ಜನ್, ಕೀಮೋದವರು, ರೇಡಿಯೇಷನ್‌ನವರು ಒಟ್ಟಿಗೆ ಕೂತು ತೀರ್ಮಾನ ಮಾಡುವ ಜಾಗ ಬೇಕು, ಅದು ಮುಖ್ಯ.

ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಚಿಕಿತ್ಸೆಗೆ ಹೋಗಿ ಬರಲು ಸ್ಲೀಪರ್ ಮತ್ತು 3 ಎಸಿಯಲ್ಲಿ ಟಿಕೆಟ್ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವವರಿಗೆ ನೂರಕ್ಕೆ 75. ಆಸ್ಪತ್ರೆಯಲ್ಲಿ ಫಾರಂ ತುಂಬಿಸಿ ಸೀಲ್ ಹಾಕಿಸಬೇಕು. ರಾಯಚೂರಿಂದ ಉದ್ಯಾನ್ ಎಕ್ಸ್‌ಪ್ರೆಸ್ ನೇರ ಬೆಂಗಳೂರಿಗೆ ಬರುತ್ತದೆ.

ಒಂದು ಫೈಲ್ ಮಾಡಿ. ಒರಿಜಿನಲ್ ಯಾರ ಕೈಗೂ ಕೊಡಬೇಡಿ, ಜೆರಾಕ್ಸ್ ಕೊಡಿ. ಚಪಾತಿ ಡಬ್ಬಿ ಮರೆತರೂ ಫೈಲ್ ಮರೆಯಬೇಡಿ.

ಸೂಕ್ಷ್ಮದರ್ಶಕ

ಫೈಲ್ ಜೊತೆಗೆ ಬ್ಲಾಕ್! ಬಯಾಪ್ಸಿ ಆದ ಮೇಲೆ ಮಾಂಸದ ತುಣುಕನ್ನು ಮೇಣದಲ್ಲಿ ಕೂರಿಸಿ ಇಟ್ಟಿರುತ್ತಾರೆ, ಬೆಂಕಿಪೆಟ್ಟಿಗೆಗಿಂತ ಚಿಕ್ಕದು. ಬೇರೆ ಆಸ್ಪತ್ರೆಗೆ ಹೋಗುವಾಗ ಅದನ್ನೂ ಸ್ಲೈಡನ್ನೂ ಲ್ಯಾಬಿನಿಂದ ಕೇಳಿ ಪಡೆಯಿರಿ. ವರದಿಯ ಕಾಗದ ಮಾತ್ರ ಒಯ್ದರೆ ಅವರು ಮತ್ತೆ ಚುಚ್ಚಬೇಕಾಗಬಹುದು. ರಾಯಚೂರಿನ ಬಿಸಿಲಿನಲ್ಲಿ ಮೇಣ ಮೆತ್ತಗಾಗುತ್ತದೆ. ಬಸ್ಸಿನ ಕಿಟಕಿ ಪಕ್ಕ ಇಡಬೇಡಿ, ಬಟ್ಟೆ ಸುತ್ತಿ ಸ್ಟೀಲ್ ಡಬ್ಬಿಯಲ್ಲಿ ಹಾಕಿ.

ಫಿಸಿಯೋ_ಮಲೆನಾಡು

"ಸಾರ್ಕೋಮಾ ಅಂದರೆ ಕಾಲು ಹೋಯ್ತು" ಅನ್ನುವುದು ಹಳೆಯ ಕಾಲದ ಮಾತು. 1982ರಲ್ಲಿ ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್‌ನವರು 43 ರೋಗಿಗಳ ಫಲಿತಾಂಶ ಹೊರಗೆ ತಂದರು. ಕೆಲವರಿಗೆ ಕೈಕಾಲು ತೆಗೆದರು, ಉಳಿದವರಿಗೆ ಗಡ್ಡೆ ಮಾತ್ರ ತೆಗೆದು ರೇಡಿಯೇಷನ್ ಕೊಟ್ಟರು. ಬದುಕಿದವರ ಲೆಕ್ಕದಲ್ಲಿ ಎರಡು ಕಡೆಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಈಗ ಬಹುಪಾಲು ಜನರ ಕಾಲು ಉಳಿಯುತ್ತದೆ.

ಉಳಿದ ಕಾಲನ್ನು ನಡೆಸುವುದು ನಮ್ಮ ಪಾಲಿನ ಕೆಲಸ. ರೇಡಿಯೇಷನ್ ಆದ ಮಾಂಸ ಒಣಗಿದ ಚರ್ಮದ ಚಪ್ಪಲಿ ಹಾಗೆ ಬಿಗಿಯುತ್ತದೆ. ದಿನಾ ಎಳೆಯಬೇಕು, ಮಡಿಸಬೇಕು. ನೋವು ಅಂತ ಮೂರು ತಿಂಗಳು ಬಿಟ್ಟರೆ ಮಂಡಿ ಅಲ್ಲೇ ನಿಂತುಬಿಡುತ್ತದೆ. ಅಕ್ಕ, ತಮ್ಮ ಮಾಡುತ್ತಿದ್ದಾರಾ?

ಹಾಸನದ_ಅಕ್ಕ

ನಾನು ಬೈದರೆ ಮಾಡುತ್ತಾನೆ. ವಾಲಿಬಾಲ್ ಇಲ್ಲ, ಅಂಪೈರ್ ಸ್ಟೂಲ್ ಹತ್ತಿ ಕೂರುತ್ತಾನೆ. ಕೆಳಗೆ ಕುಕ್ಕರಗಾಲಲ್ಲಿ ಕೂರಲು ಆಗುವುದಿಲ್ಲ. ಮನೆಗೆ ಕಮೋಡ್ ಹಾಕಿಸಿದೆವು.

ಕೆಂಪು_ನೀರು

ನನಗೆ 26. ತೋಳಿನಲ್ಲಿ ಬಂತು. ಕೀಮೋ ಬಗ್ಗೆ ಯಾರೂ ಹೇಳದ ಎರಡು ಮಾತು.

ಡಾಕ್ಸೊರುಬಿಸಿನ್ ಅಂತ ಔಷಧ, ರೂಹ್ ಅಫ್ಜಾ ಬಣ್ಣ. ಕೊಟ್ಟ ದಿನ ಮೂತ್ರವೂ ಕೆಂಪಾಗುತ್ತದೆ. ನಾನು ರಕ್ತ ಅಂದುಕೊಂಡು ರಾತ್ರಿ 2 ಗಂಟೆಗೆ ನರ್ಸ್‌ನ ಎಬ್ಬಿಸಿದೆ. ಅವರು ನಕ್ಕರು. ಮೊದಲೇ ಹೇಳಿದ್ದರೆ ಆ ರಾತ್ರಿ ಉಳಿಯುತ್ತಿತ್ತು. ಶುರು ಮಾಡುವ ಮುಂಚೆ ಹೃದಯದ ಎಕೋ ಯಾಕೆ ಅಂತ ಕೇಳಬೇಡಿ, ಈ ಔಷಧ ಹೃದಯಕ್ಕೂ ಭಾರ, ಅದಕ್ಕೇ.

ಎರಡನೆಯದು ಮುಜುಗರದ್ದು. ಮಕ್ಕಳಾಗುವ ಶಕ್ತಿ ಕೀಮೋದಿಂದ ಹೋಗಬಹುದು. ಗಂಡಸರಾದರೆ ಮುಂಚೆಯೇ ವೀರ್ಯ ತೆಗೆದಿಡುವ ವ್ಯವಸ್ಥೆ ಇದೆ, ಹೆಂಗಸರಿಗೂ ದಾರಿಗಳಿವೆ. ಮೊದಲ ಬಾಟಲಿ ಏರುವ ಮುಂಚೆ ಕೇಳಬೇಕು. ಅಪ್ಪ ಪಕ್ಕದಲ್ಲಿ ಕೂತಿದ್ದರು, ಡಾಕ್ಟರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನೀವು ಅಪ್ಪನನ್ನು ಕಾಫಿ ತರಲು ಕಳಿಸಿ ಕೇಳಿ.

ಬೆಳಗಾವಿ_ಕುಂದಾ

ನನ್ನಂಥವರು ಏನು ಮಾಡಬಹುದು? ನಮ್ಮ ಓಣಿಯಲ್ಲಿ ಒಬ್ಬರಿಗೆ ಹೀಗಾಗಿದೆ. ಹೋಗಿ ಏನು ಮಾತಾಡಬೇಕು ಅಂತ ತಿಳಿಯದೆ ಹೋಗೇ ಇಲ್ಲ.

ಕೆಂಪು_ನೀರು

ಹೋಗಿ. "ಬೀಡಿ ಸೇದ್ತಿದ್ದಾ?" ಅಂತ ಕೇಳಬೇಡಿ, ಇದು ಹೊಗೆಸೊಪ್ಪಿನಿಂದ ಬರುವ ಕ್ಯಾನ್ಸರ್ ಅಲ್ಲ. ಬಿದ್ದದ್ದರಿಂದ ಬಂತಾ ಅಂತಲೂ ಬೇಡ. ಬಿದ್ದಾಗ ಮುಟ್ಟಿ ನೋಡಿಕೊಳ್ಳುತ್ತೇವೆ, ಆಗ ಗಂಟು ಕಣ್ಣಿಗೆ ಬೀಳುತ್ತದೆ ಅಷ್ಟೇ. ಬಹಳ ಜನರಲ್ಲಿ ಕಾರಣ ಅಂತ ಬೆರಳು ತೋರಿಸಲು ಏನೂ ಸಿಗುವುದಿಲ್ಲ. "ಧೈರ್ಯವಾಗಿರು" ಅನ್ನುವುದೂ ದಿನಕ್ಕೆ ಹತ್ತು ಸಲ ಕೇಳಿದರೆ ಸಾಕಾಗುತ್ತದೆ.

ನನ್ನ ಗೆಳೆಯನೊಬ್ಬ ಪ್ರತಿ ಕೀಮೋಗೆ ಬಂದು ಪಕ್ಕದಲ್ಲಿ ಕೂತು ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದ. ಒಂದು ಮಾತೂ ಆಡುತ್ತಿರಲಿಲ್ಲ. ಚೀಟಿ ಬರೆದರೆ ಓಡಿ ಹೋಗಿ ಔಷಧ ತರುತ್ತಿದ್ದ. ಅಂಥವನು ಒಬ್ಬ ಸಾಕು. ರಕ್ತ ಕೊಡಬಹುದು, ಮಕ್ಕಳನ್ನು ಸ್ಕೂಲಿಗೆ ಬಿಡಬಹುದು.

ತುಂಗಾತೀರ

ಮನೆಯಲ್ಲಿ ನೋಡಿಕೊಳ್ಳುವವರನ್ನೂ ಒಮ್ಮೆ ಕೇಳಿ, ಊಟ ಆಯ್ತಾ ಅಂತ. ಅಮ್ಮನಿಗೆ ಒಬ್ಬರೂ ಕೇಳಲಿಲ್ಲ.

ಹಾಸನದ_ಅಕ್ಕ

ಜುಲೈಗೆ ಏನು ಮಾಡುವುದು ಅಂತ ಯೋಚನೆ ಒಂದು ಹಂತಕ್ಕೆ ಬಂತು. ಸಾರ್ಕೋಮಾದ ಗುರುತಾದ ಹಳದಿ ರಿಬ್ಬನ್ ಕಟ್ಟಿಕೊಂಡು ಜಾಥಾ ಹೋಗುವುದು ಬೇಡ ಅನ್ನಿಸಿತು. ನಮ್ಮೂರಲ್ಲಿ ಹಳದಿ ಕಂಡರೆ ಚುನಾವಣೆ ಅಂದುಕೊಳ್ಳುತ್ತಾರೆ, ಇಲ್ಲವೇ ರಾಜ್ಯೋತ್ಸವ. ಮೈ ಮುಟ್ಟಿ ಕೆಲಸ ಮಾಡುವವರ ಹತ್ತಿರ ಹೋಗುತ್ತೇನೆ. ಟೈಲರುಗಳು, ಕ್ಷೌರದವರು, ಯೋಗ ಹೇಳಿಕೊಡುವವರು, ಬಾಣಂತಿಗೆ ಎಣ್ಣೆ ಹಚ್ಚುವ ಅಜ್ಜಿಯರು, ಗರಡಿಮನೆಯವರು. ಒಂದು ಚೀಟಿ, ಅದರಲ್ಲಿ ನಿಂಬೆಹಣ್ಣಿನ ಚಿತ್ರ. "ಗಂಟು ಇಷ್ಟು ದೊಡ್ಡದಾ? ಬೆಳೀತಿದೆಯಾ? ಉಜ್ಜಬೇಡಿ, ಕೊಯ್ಯಿಸಬೇಡಿ, ಮೊದಲು ಸ್ಕ್ಯಾನ್." ಅಷ್ಟೇ.

ಮೊದಲ ಚೀಟಿ ಆ ಟೈಲರ್ ಅಂಗಡಿಗೆ. ತಮ್ಮನೇ ಹೋಗಿ ಕನ್ನಡಿ ಪಕ್ಕ ಅಂಟಿಸಿ ಬಂದ. ಟೈಲರ್ ಮತ್ತೆ ಅಳತೆ ತೆಗೆದರಂತೆ. ಈಗ ಬಲಗಡೆ ಎರಡು ಇಂಚು ಕಮ್ಮಿ. "ಬಿಡು, ಒಳಗೆ ಒಂದು ಮಡಿಕೆ ಕೊಡ್ತೀನಿ, ಗೊತ್ತಾಗಲ್ಲ" ಅಂದರಂತೆ.

ತಾಲ್ಲೂಕು_ಡಾಕ್ಟ್ರು

ಆ ಚೀಟಿ ನನಗೂ ಹತ್ತು ಕಳಿಸಿ. ಮುಂದಿನ ತಿಂಗಳು ತಾಲ್ಲೂಕು ಡಾಕ್ಟರುಗಳ ಸಭೆ ಇದೆ, ಊಟಕ್ಕೆ ಮುಂಚೆ ಹಂಚುತ್ತೇನೆ. ಊಟದ ನಂತರ ಯಾರೂ ಇರುವುದಿಲ್ಲ.

ರಾಯಚೂರು_ಬಿಸಿಲು

ಅತ್ತೆಯ ಎಂಆರ್‌ಐ ಆಯಿತು, ಟ್ರೂಕಟ್ ಆಯಿತು. ಒಂಬತ್ತು ದಿನ ಮನೆಯಲ್ಲಿ ಯಾರೂ ಸರಿಯಾಗಿ ಮಲಗಲಿಲ್ಲ. ಇವತ್ತು ವರದಿ ಬಂತು ರೀ. ಲೈಪೋಮಾ. ಬರೀ ಕೊಬ್ಬಿನ ಗಂಟು! ಸ್ನಾಯುವಿನ ಒಳಗೆ ಕೂತದ, ನಿಧಾನಕ್ಕೆ ತೆಗೆಸಿ ಅಂದಾರ. "ಇದಕ್ಕೆ ಇಷ್ಟು ಅಲೆಸಿದ್ರಿ ನನ್ನ" ಅಂತ ಅತ್ತೆ ಬೈತಾ ಬೈತಾ ಹೋಳಿಗೆಗೆ ಬೇಳೆ ಹಾಕ್ಯಾರ.

ಗೋಲಿಸೋಡ

ತೊಂಬತ್ತೊಂಬತ್ತರಲ್ಲಿ ಒಬ್ಬರಾದರು. ನನಗೂ ಹೋಳಿಗೆ ಇರಲಿ.

ಮಳೆ_ಮ್ಯಾಂಚೆಸ್ಟರ್

ಅಕ್ಕ, ತಮ್ಮ ಈಗ ಹೇಗಿದ್ದಾರೆ? ತಪಾಸಣೆ ಇನ್ನೂ ಇದೆಯಾ?

ಹಾಸನದ_ಅಕ್ಕ

ಇದೆ. ಇದು ಹರಡಿದರೆ ಮೊದಲು ಶ್ವಾಸಕೋಶಕ್ಕೆ, ಅದಕ್ಕೇ ಎದೆಯ ಸಿಟಿ. ಮೊದಲು ಮೂರು ತಿಂಗಳಿಗೊಮ್ಮೆ ಇತ್ತು, ಈಗ ಆರು ತಿಂಗಳಿಗೊಮ್ಮೆ. ಇವತ್ತೇ ಬಂದಿದ್ದೇವೆ. ಅವನು ನನ್ನ ಹೆಗಲ ಮೇಲೆ ತಲೆ ಇಟ್ಟು ಗೊರಕೆ ಹೊಡೆಯುತ್ತಿದ್ದಾನೆ. ನಮ್ಮ ಟೋಕನ್ 43, ಈಗ 17 ಕರೆದರು.